ರಿಪೇರಿ ಮುಗಿದ ಮೇಲೆ ಹಿಡಿಯದ ಎಂಜಿನ್

ಪ್ಲಗ್ ಹೊಸದು, ಕಾಯಿಲ್ ಹೊಸದು, ಡಿಸ್ಟ್ರಿಬ್ಯೂಟರ್ ಕ್ಯಾಪೂ ಹೊಸದು. ಕಿಡಿ ಹಾರಿಸುವುದು, ಅದಕ್ಕೆ ವೋಲ್ಟೇಜ್ ಎಬ್ಬಿಸುವುದು, ಅದನ್ನು ಸಿಲಿಂಡರುಗಳಿಗೆ ಹಂಚುವುದು, ಹೀಗೆ ಇಗ್ನಿಷನ್ನಿನ ಕೆಲಸವೆಲ್ಲ ಹೊಸ ಭಾಗಗಳದ್ದೇ. ಎಲ್ಲ ಜೋಡಿಸಿ, ಕೈ ಒರೆಸಿಕೊಂಡು ಕೀ ತಿರುಗಿಸಿದರೆ ಸೆಲ್ಫ್ ಲವಲವಿಕೆಯಿಂದಲೇ ತಿರುಗುತ್ತದೆ. ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯತೊಡಗುತ್ತದೆ, ಸೆಲ್ಫಿನ ಸದ್ದು ನಿಧಾನಕ್ಕೆ ಭಾರವಾಗುತ್ತದೆ. ಅಷ್ಟು ಹೊತ್ತಿಗೆ ತಲೆಯಲ್ಲಿ ದೊಡ್ಡ ದೊಡ್ಡ ರೋಗಗಳ ಹೆಸರು ಸುಳಿಯುತ್ತಿರುತ್ತವೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಯಿತೇ, ಪೆಟ್ರೋಲ್ ಪಂಪ್ ಸತ್ತಿತೇ, ಟೈಮಿಂಗ್ ಬೆಲ್ಟ್ ಹರಿಯಿತೇ?

ರಿಪೇರಿಗೆ ಮುಂಚೆ ಕೆಟ್ಟಿದ್ದ ಗಾಡಿ ಬೇರೆ, ರಿಪೇರಿ ಆದ ಮೇಲೆ ಹಿಡಿಯದ ಗಾಡಿ ಬೇರೆ. ಮೊದಲನೆಯದರಲ್ಲಿ ಹುಡುಕಬೇಕಾದದ್ದು ಸವೆತವನ್ನು, ತುಕ್ಕನ್ನು, ಬಿಸಿಲು ಮಳೆಯ ಕೆಲಸವನ್ನು. ಎರಡನೆಯದರಲ್ಲಿ ಹುಡುಕಬೇಕಾದದ್ದು ಕೈಯ ಕೆಲಸವನ್ನು. ಬೆಳಿಗ್ಗೆ ತಾನೇ ಓಡಿಸಿಕೊಂಡು ಬಂದ ಗಾಡಿ, ಪ್ಲಗ್ ಬದಲಿಸಿದ ಮೇಲೆ ಸಂಜೆ ಹಿಡಿಯದಿದ್ದರೆ, ಅದೇ ಹೊತ್ತಿನಲ್ಲಿ ಪಂಪೂ ಕಾಕತಾಳೀಯವಾಗಿ ಸತ್ತಿರುವ ಸಾಧ್ಯತೆ ತೀರಾ ಕಡಿಮೆ. ಕೈ ಎಲ್ಲೆಲ್ಲಿ ಹೋಗಿತ್ತೋ ಅಲ್ಲೇ ತೊಂದರೆ ಕೂತಿರುತ್ತದೆ. ಆದರೆ ನಮ್ಮ ಮನಸ್ಸು ನಾವು ಆಗಲೇ ಮುಗಿಸಿದ ಕೆಲಸದ ಕಡೆ ತಿರುಗಿ ನೋಡಲು ಒಪ್ಪುವುದಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಇದಕ್ಕೆ ಒಂದು ವಿನಾಯಿತಿ ಉಂಟು. ಗಾಡಿ ರಿಪೇರಿಗೆ ಮುಂಚೆಯೂ ಹಿಡಿಯುತ್ತಿರಲಿಲ್ಲ, ಅದಕ್ಕೇ ಇಗ್ನಿಷನ್ ಬಿಚ್ಚಿದ್ದು ಎಂದಾದರೆ ಲೆಕ್ಕ ಬೇರೆ. ಆಗ ಎರಡು ಸಾಧ್ಯತೆ: ಮೂಲ ರೋಗ ಇಗ್ನಿಷನ್ನಿನದ್ದೇ ಆಗಿರಲಿಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿದೆ, ಅಥವಾ ಹಳೆಯ ರೋಗ ವಾಸಿಯಾಗಿ, ಜೋಡಿಸುವಾಗ ಹೊಸದೊಂದು ಸೇರಿಕೊಂಡಿದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬಿಚ್ಚುವ ಮುಂಚೆ ಇದು ಓಡುತ್ತಿತ್ತೇ?

ಸೆಲ್ಫ್ ತಿರುಗುತ್ತದೆಯೇ?

ಸೆಲ್ಫೇ ತಿರುಗದಿದ್ದರೆ ಪ್ಲಗ್, ಕಾಯಿಲ್ ಯಾವುದನ್ನೂ ಮುಟ್ಟಬೇಡಿ. ಅದು ಬೇರೆ ದಾರಿ, ಮತ್ತು ಬಹುಪಾಲು ಚಿಕ್ಕ ದಾರಿ. ಕೆಲಸಕ್ಕೆಂದು ಬಿಚ್ಚಿದ ಬ್ಯಾಟರಿ ಟರ್ಮಿನಲ್ ಸಡಿಲವಾಗಿರುತ್ತದೆ, ಅಥವಾ ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನು ಅಡ್ಡ ಬಂತೆಂದು ಬಿಚ್ಚಿ ಹಾಗೇ ಬಿಟ್ಟಿರುತ್ತಾರೆ. ಇಗ್ನಿಷನ್ ಸ್ವಿಚ್ಚನ್ನೇ ಬದಲಿಸಿದ್ದರೆ ಅದರ ಹಿಂದಿನ ಸಾಕೆಟ್ ಪೂರ್ತಿ ಒಳಗೆ ಕೂತಿರುವುದಿಲ್ಲ. ಆಟೋಮ್ಯಾಟಿಕ್ ಗಾಡಿಯಾದರೆ ಗೇರ್ ಪಿ ಅಥವಾ ಎನ್‌ನಲ್ಲಿ ಇದೆಯೇ ನೋಡಿ. ಕೆಲವು ಮ್ಯಾನುಯಲ್ ಗಾಡಿಗಳಲ್ಲಿ ಕ್ಲಚ್ ಪೂರ್ತಿ ತುಳಿಯದೆ ಸೆಲ್ಫ್ ತಿರುಗುವುದಿಲ್ಲ.

ಬ್ಯಾಟರಿಯನ್ನು ಮೀಟರ್ ಹಿಡಿದು ಅಳೆಯುವುದು ಉತ್ತಮ, ಹಾರ್ನ್ ಹೊಡೆದು ಅಂದಾಜು ಮಾಡುವುದಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧದಷ್ಟು ಮಾತ್ರ ಉಳಿದಿದೆ ಎಂದರ್ಥ. ಮುಖ್ಯವಾದ ಅಳತೆ ಸೆಲ್ಫ್ ಹೊಡೆಯುವಾಗಿನದು. ಆಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಸೆಲ್ಫ್ ತಿರುಗಿದರೂ ಇಸಿಯು ಎಚ್ಚರವಾಗಿರದೆ ಹೋಗಬಹುದು, ಕಾಯಿಲಿಗೂ ಸಾಕಷ್ಟು ಶಕ್ತಿ ಸಿಗುವುದಿಲ್ಲ. ಹತ್ತಾರು ಸಲ ಸೆಲ್ಫ್ ಹೊಡೆದು ಸುಸ್ತಾದ ಬ್ಯಾಟರಿಯಿಂದ ಕಿಡಿ ಪರೀಕ್ಷೆ ಮಾಡಿದರೆ ಬರುವ ಉತ್ತರವೂ ಸುಸ್ತಾದದ್ದೇ. ಮೊದಲು ಚಾರ್ಜರ್ ಹಾಕಿ.

ಹಾಗೆಯೇ ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡಬೇಕು. ಇದು ಸೆಲ್ಫ್ ಮೋಟರಿನ ಆಯುಷ್ಯದ ಮಾತಷ್ಟೇ ಅಲ್ಲ. ಕಿಡಿ ಇಲ್ಲದ ಎಂಜಿನ್ ಪ್ರತಿ ಸುತ್ತಿಗೂ ಉರಿಯದ ಪೆಟ್ರೋಲನ್ನು ಸೈಲೆನ್ಸರಿಗೆ ತಳ್ಳುತ್ತಿರುತ್ತದೆ. ಮುಂದೆ ಯಾವಾಗಲೋ ಒಂದು ಕಿಡಿ ಬಂದಾಗ ಅದೆಲ್ಲ ಅಲ್ಲೇ ಹೊತ್ತಿಕೊಳ್ಳಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದು ಹಾಳಾಗಲು ಅಷ್ಟು ಸಾಕು.

ಕಿಡಿ ಇದೆಯೇ, ಇದ್ದರೆ ಎಂಥದು?

ಸೆಲ್ಫ್ ಸರಿಯಾಗಿ ತಿರುಗುತ್ತಿದೆ ಎಂದಾದ ಮೇಲೆ ಕಿಡಿಯನ್ನು ಕಣ್ಣಾರೆ ನೋಡಬೇಕು. ಎಲ್ಲರೂ ಮಾಡುವುದು ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆಸುವುದು. ಕಿಡಿ ಕಂಡರೆ ಇಗ್ನಿಷನ್ ಸರಿಯಿದೆ ಎಂದು ತೀರ್ಪು. ಈ ತೀರ್ಪು ಎಷ್ಟೋ ಸಲ ತಪ್ಪು. ಹೊರಗಿನ ಗಾಳಿಯಲ್ಲಿ 0.8 ಮಿ.ಮೀ. ಅಂತರ ದಾಟಲು ಸುಮಾರು 3 ಸಾವಿರ ವೋಲ್ಟ್ ಇದ್ದರೆ ಆಯಿತು. ಸಿಲಿಂಡರಿನೊಳಗೆ ಗಾಳಿ ಒತ್ತಿ ದಟ್ಟವಾಗಿರುವಾಗ ಅದೇ ಅಂತರಕ್ಕೆ 10 ಸಾವಿರ ಅಥವಾ ಅದಕ್ಕೂ ಹೆಚ್ಚು ಬೇಕು. ಬಡಕಲು ಕಾಯಿಲ್ ಹೊರಗೆ ಚೆನ್ನಾಗಿ ಕಿಡಿ ಹಾರಿಸಿ ಒಳಗೆ ಸುಮ್ಮನಾಗುವುದು ಇದರಿಂದಲೇ. ಅಂತರ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್ ಇದ್ದರೆ ಹಳೆಯ ಪಾಯಿಂಟ್ ಪದ್ಧತಿಯ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಲೋಹದ ತುದಿಗಳು ಕರೆಂಟ್ ಕಡಿಯುವ) ಎಂಜಿನ್ನಿನಲ್ಲಿ ಸುಮಾರು 6 ಮಿ.ಮೀ. ಅಂತರವನ್ನು ಕಿಡಿ ದಾಟಬೇಕು, ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಅದರ ಎರಡರಷ್ಟನ್ನು. ಬಣ್ಣ ನೀಲಿ ಬೆರೆತ ಬಿಳಿ ಇರಬೇಕು, ಚಟಚಟ ಎಂಬ ಸದ್ದು ಕೇಳಬೇಕು. ತೆಳ್ಳಗೆ ಕಿತ್ತಳೆ ಬಣ್ಣದಲ್ಲಿ ಸುಳಿದು ಮಾಯವಾಗುವ ಕಿಡಿಯನ್ನು ಕಿಡಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಪರೀಕ್ಷೆಗೆ ಮೊದಲು ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರಿನ ಕನೆಕ್ಟರ್ ಅಥವಾ ಪಂಪಿನ ಫ್ಯೂಸ್ ತೆಗೆದಿಡಿ. ಬಿಚ್ಚಿದ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಹಬೆ ಹೊರಬರುತ್ತಿರುವಾಗ ಪಕ್ಕದಲ್ಲೇ ಕಿಡಿ ಹಾರಿಸುವುದು ಬೆಂಕಿಗೆ ಆಹ್ವಾನ. ವೈರನ್ನು ಕೈಯಲ್ಲಿ ಹಿಡಿಯಬೇಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ಬರಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ವೈರನ್ನು ಯಾವುದಕ್ಕೂ ತಾಗಿಸದೆ ಗಾಳಿಯಲ್ಲಿ ತೂಗುಬಿಟ್ಟು ಸೆಲ್ಫ್ ಹೊಡೆಯಬೇಡಿ. ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲಿನ ಒಳಗೇ ದಾರಿ ಮಾಡಿಕೊಳ್ಳುತ್ತದೆ, ಇಲ್ಲವೇ ಕಾಯಿಲಿನ ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಮಾಡ್ಯೂಲನ್ನು ಸುಡುತ್ತದೆ.

ಕಿಡಿ ಇಲ್ಲ ಎಂದರೆ ಮುಂದಿನ ಹೆಜ್ಜೆಗೆ ಒಂದು ಟೆಸ್ಟ್ ಲ್ಯಾಂಪ್ (ಒಂದು ತುದಿ ಅರ್ಥಿಗೆ ಸೇರಿಸಿದ ಪುಟ್ಟ ಬಲ್ಬ್) ಸಾಕು. 1910ರ ಸುಮಾರಿಗೆ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ನಿಂದ ಇವತ್ತಿನ ಪ್ರತಿ ಪ್ಲಗ್ಗಿಗೊಂದು ಕಾಯಿಲಿನವರೆಗೆ ತತ್ವ ಒಂದೇ: ಕಾಯಿಲಿನ ಪ್ರೈಮರಿ ಸುತ್ತಿನಲ್ಲಿ ಕರೆಂಟ್ ಹರಿಸು, ಥಟ್ಟನೆ ಕಡಿ, ಕಡಿದ ಆ ಗಳಿಗೆಯಲ್ಲಿ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಕಡಿಯುವವರು ಬದಲಾಗಿದ್ದಾರೆ ಅಷ್ಟೇ. ಆಗ ಪಾಯಿಂಟ್, ಈಗ ಟ್ರಾನ್ಸಿಸ್ಟರ್. ಆದ್ದರಿಂದ ಹಳೆಯ ಮಾದರಿಯ ಕಾಯಿಲಾದರೆ ಪ್ರಶ್ನೆ ಎರಡೇ. ಪ್ಲಸ್ಸಿಗೆ ಸಪ್ಲೈ ಬರುತ್ತಿದೆಯೇ? ಮೈನಸ್ಸಿನಲ್ಲಿ ಯಾರಾದರೂ ಕಡಿಯುತ್ತಿದ್ದಾರೆಯೇ?

ಪ್ಲಸ್ಸಿಗೆ ಲ್ಯಾಂಪ್ ಹಿಡಿದು ಕೀ ಆನ್ ಮಾಡಿದರೆ ಉರಿಯಬೇಕು, ಸೆಲ್ಫ್ ಹೊಡೆಯುವಾಗಲೂ ಉರಿಯಬೇಕು. ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಸ್ವಿಚ್ ಬದಲಿಸಿದ ಗಾಡಿಗಳಲ್ಲಿ ಕೀ ಆನ್‌ನಲ್ಲಿರುವಾಗ ಸಪ್ಲೈ ಇದ್ದು ಸ್ಟಾರ್ಟ್ ಜಾಗಕ್ಕೆ ತಿರುಗಿಸಿದೊಡನೆ ಹೋಗಿಬಿಡುವುದುಂಟು. ಅಂಥ ಗಾಡಿ ಸೆಲ್ಫ್ ಹೊಡೆಯುತ್ತಾ ಹಿಡಿಯುವುದಿಲ್ಲ, ಕೀ ಬಿಟ್ಟ ಕ್ಷಣದಲ್ಲಿ ಒಮ್ಮೆ ಕೆಮ್ಮುತ್ತದೆ. ಇದಕ್ಕೆ ತದ್ವಿರುದ್ಧ ಲಕ್ಷಣವೂ ಇದೆ: ಸೆಲ್ಫ್ ಹೊಡೆಯುವಾಗ ಎಂಜಿನ್ ಹಿಡಿದು, ಕೀ ಬಿಟ್ಟೊಡನೆ ಸಾಯುವುದು. ಬ್ಯಾಲಾಸ್ಟ್ ರೆಸಿಸ್ಟರ್ ಇರುವ ಹಳೆಯ ಗಾಡಿಗಳಲ್ಲಿ ಇದು ಕಂಡರೆ ಬೇರೆ ಕಡೆ ನೋಡುವ ಮುಂಚೆ ಆ ರೆಸಿಸ್ಟರನ್ನೇ ಅಳೆಯಿರಿ. ಸ್ಟಾರ್ಟ್ ಆಗುವಾಗ ಕಾಯಿಲಿಗೆ ನೇರವಾಗಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಹೋಗುತ್ತದೆ, ಕೀ ಬಿಟ್ಟ ಮೇಲೆ ರೆಸಿಸ್ಟರಿನ ಮೂಲಕ. ಅದು ತುಂಡಾಗಿದ್ದರೆ ಎರಡನೆಯ ದಾರಿ ಮುಚ್ಚಿದ ಹಾಗೆ.

ಇಲ್ಲೇ ಇನ್ನೊಂದು ಎಡವಟ್ಟು ಸೇರಿಕೊಳ್ಳುತ್ತದೆ. ಬ್ಯಾಲಾಸ್ಟಿನೊಂದಿಗೆ ಬಳಸುವ ಕಾಯಿಲಿನ ಪ್ರೈಮರಿ ಸುಮಾರು 1.5 ಓಮ್, ಬ್ಯಾಲಾಸ್ಟ್ ಬೇಡದ್ದರದು ಸುಮಾರು 3 ಓಮ್. ಹೊರಗಿನಿಂದ ಎರಡೂ ಒಂದೇ ಡಬ್ಬಿ. 3 ಓಮಿನದನ್ನು ಬ್ಯಾಲಾಸ್ಟಿನ ಜೊತೆ ಹಾಕಿದರೆ ಕಿಡಿ ಸೊರಗುತ್ತದೆ, 1.5 ಓಮಿನದನ್ನು ಬ್ಯಾಲಾಸ್ಟ್ ಇಲ್ಲದೆ ಹಾಕಿದರೆ ಗಾಡಿ ಚೆನ್ನಾಗಿ ಹಿಡಿದು, ಕಾಯಿಲ್ ಕಾದು, ಪಾಯಿಂಟ್ ಸುಟ್ಟು ದಾರಿ ಮಧ್ಯೆ ನಿಲ್ಲುತ್ತದೆ. ಹೊಸ ಕಾಯಿಲ್ ಕೂರಿಸುವ ಮುಂಚೆ ಮೀಟರಿನಲ್ಲಿ ಅಳೆದುಬಿಡುವುದು ಒಂದು ನಿಮಿಷದ ಕೆಲಸ. ಸೆಕೆಂಡರಿ ಸಾಮಾನ್ಯವಾಗಿ 5ರಿಂದ 15 ಕಿಲೋ ಓಮ್ ನಡುವೆ ಇರುತ್ತದೆ. ಪ್ಲಗ್ಗಿನ ಮೇಲೆಯೇ ಕೂರುವ ಹೊಸ ಮಾದರಿಯ ಕಾಯಿಲುಗಳಲ್ಲಿ ಒಳಗೆ ಡಯೋಡ್ ಇರುವುದರಿಂದ ಎಷ್ಟೋ ಸಲ ಈ ಸೆಕೆಂಡರಿ ಅಳತೆಗೆ ಅರ್ಥವೇ ಇರುವುದಿಲ್ಲ. ಅಲ್ಲಿ ಪಕ್ಕದ ಸಿಲಿಂಡರಿನ ಕಾಯಿಲಿನೊಂದಿಗೆ ಅದಲುಬದಲು ಮಾಡಿ ನೋಡುವುದೇ ಸರಿ.

ಇನ್ನು ಮೈನಸ್. ಇಲ್ಲಿಗೆ ಲ್ಯಾಂಪ್ ಹಿಡಿದು ಸೆಲ್ಫ್ ಹೊಡೆದರೆ ಅದು ಮಿಣಮಿಣ ಎನ್ನಬೇಕು. ಮಿಣುಗಿದರೆ ಕಡಿಯುವ ಕೆಲಸ ನಡೆಯುತ್ತಿದೆ, ಆದರೂ ಕಿಡಿ ಇಲ್ಲವೆಂದರೆ ಕಾಯಿಲ್ ಅಥವಾ ಅದರ ಮುಂದಿನ ಭಾಗ ತಪ್ಪಿತಸ್ಥ. ಮಿಣುಗದೆ ಒಂದೇ ಸಮ ಉರಿಯುತ್ತಿದ್ದರೆ ಯಾರೂ ಅರ್ಥಿಗೆ ಎಳೆಯುತ್ತಿಲ್ಲ: ಪಾಯಿಂಟ್ ಮುಚ್ಚುತ್ತಿಲ್ಲ, ಮಾಡ್ಯೂಲ್ ಸತ್ತಿದೆ, ಅಥವಾ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ. ಉರಿಯದೇ ಇದ್ದರೆ ಪ್ರೈಮರಿ ಸುತ್ತು ಹರಿದಿದೆ, ಇಲ್ಲವೇ ಮೈನಸ್ ಸದಾ ಅರ್ಥ್ ಆಗಿಯೇ ಕೂತಿದೆ. ಇಸಿಯು ಇರುವ ಗಾಡಿಗೆ ಬಲ್ಬಿನ ಬದಲು ಎಲ್‌ಇಡಿ ಟೆಸ್ಟರ್ ಬಳಸಿ, ಕಡಿಮೆ ಕರೆಂಟ್ ಎಳೆಯುತ್ತದೆ.

ಕಾಯಿಲಿನ ಪ್ಲಸ್-ಮೈನಸ್ ಅದಲುಬದಲಾಗಿದ್ದರೂ ಕಿಡಿ ಬರುತ್ತದೆ, ಆದರೆ ಅದೇ ಅಂತರ ದಾಟಲು ಹೆಚ್ಚು ವೋಲ್ಟೇಜ್ ಬೇಡುತ್ತದೆ. ತಂಪು ಬೆಳಗಿನಲ್ಲಿ ಮಾತ್ರ ಹಠ ಮಾಡುವ ಗಾಡಿಗಳಲ್ಲಿ ಇದನ್ನೂ ನೋಡಿ. ರೇಡಿಯೋ ಕರಕರ ತಡೆಯಲು ಹಾಕುವ ಸಪ್ರೆಸರ್ ಪ್ಲಸ್ ಕಡೆಗೆ ಸೇರಬೇಕಾದದ್ದು. ಮೈನಸ್ಸಿಗೆ ಬಿಗಿದರೆ ಕಿಡಿಯನ್ನು ತಾನೇ ನುಂಗುತ್ತದೆ.

ಪಾಯಿಂಟ್ ಎಂಬ ಪುಟ್ಟ ಬಲೆ

ಹಳೆಯ ಗಾಡಿಗಳಲ್ಲಿ ಪಾಯಿಂಟ್ ಮತ್ತು ಅದರಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬದಲಿಸಿದ ಮೇಲೆ ಕಿಡಿಯೇ ಇಲ್ಲವಾಗುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೊಂದು ಪ್ರತ್ಯೇಕ ಮಾತು ಬೇಕೇ ಬೇಕು. ಪಾಯಿಂಟಿನ ಸ್ಪ್ರಿಂಗ್, ಕಾಯಿಲಿನಿಂದ ಬರುವ ವೈರ್, ಕಂಡೆನ್ಸರಿನ ವೈರ್ ಮೂರೂ ಒಂದೇ ಗೂಟಕ್ಕೆ ಸೇರುತ್ತವೆ. ಆ ಗೂಟಕ್ಕೂ ಕೆಳಗಿನ ತಟ್ಟೆಗೂ ಲೋಹದ ಸಂಪರ್ಕ ಇರಕೂಡದು. ನಡುವೆ ಇರುವುದು ಒಂದೆರಡು ಪ್ಲಾಸ್ಟಿಕ್ ಅಥವಾ ಫೈಬರ್ ವಾಷರ್. ಅವುಗಳಲ್ಲಿ ಒಂದು ಕೆಳಗೆ ಬಿದ್ದರೆ, ಅಥವಾ ವೈರಿನ ತುದಿ ವಾಷರಿನ ತಪ್ಪು ಪಕ್ಕಕ್ಕೆ ಸೇರಿದರೆ, ಪಾಯಿಂಟ್ ತೆರೆದರೂ ಕರೆಂಟ್ ಅರ್ಥಿಗೆ ಹರಿಯುತ್ತಲೇ ಇರುತ್ತದೆ. ಕಡಿತವೇ ಇಲ್ಲ, ಕಿಡಿ ಎಲ್ಲಿಂದ?

ಪತ್ತೆ ಹಚ್ಚುವುದು ಸುಲಭ. ಕೀ ಆನ್ ಇಟ್ಟು ಕಾಯಿಲಿನ ಮೈನಸ್ಸಿಗೆ ಮೀಟರ್ ಹಿಡಿಯಿರಿ. ಪಾಯಿಂಟ್ ತೆರೆದಾಗ 12 ವೋಲ್ಟ್, ಮುಚ್ಚಿದಾಗ ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಎರಡೂ ಸಲ ಸೊನ್ನೆ ಎಂದರೆ ವಾಷರ್ ತಪ್ಪಿದೆ ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಕಂಡೆನ್ಸರ್ ವೈರನ್ನು ಬಿಡಿಸಿ ಮತ್ತೆ ಅಳೆದರೆ ಯಾವುದೆಂದು ಬೇರ್ಪಡುತ್ತದೆ. ಎರಡೂ ಸಲ 12 ಎಂದರೆ ಪಾಯಿಂಟ್ ಕೂಡಿದರೂ ಕರೆಂಟ್ ಹರಿಯುತ್ತಿಲ್ಲ. ಹೊಸ ಪಾಯಿಂಟಿನ ಮುಖಕ್ಕೆ ತುಕ್ಕು ಹಿಡಿಯದಿರಲೆಂದು ಸವರಿದ ಎಣ್ಣೆಯ ತೆಳುಪದರ ಇರುತ್ತದೆ, ಬಿಳಿ ರಟ್ಟಿನ ತುಂಡನ್ನು ನಡುವೆ ಇಟ್ಟು ಎಳೆದರೆ ಹೋಗುತ್ತದೆ. ಅಷ್ಟಕ್ಕೂ ಸರಿಯಾಗದಿದ್ದರೆ ಮೇಲಿನ ತಟ್ಟೆಯನ್ನು ಡಿಸ್ಟ್ರಿಬ್ಯೂಟರ್ ಮೈಗೆ ಸೇರಿಸುವ ಪುಟ್ಟ ಅರ್ಥ್ ವೈರನ್ನು ನೋಡಿ. ಅದು ಹೊದಿಕೆಯ ಒಳಗೇ ತುಂಡಾಗಿ, ಹೊರಗೆ ನೆಟ್ಟಗೆ ಕಾಣುತ್ತಿರುತ್ತದೆ.

ಪಾಯಿಂಟಿನ ಅಂತರವನ್ನು ಕ್ಯಾಮಿನ ಉಬ್ಬಿನ ನೆತ್ತಿಯ ಮೇಲೆ ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ತಾಗುವ ತುಂಡು) ಕೂತಾಗಲೇ ಅಳೆಯಬೇಕು. ಹೆಚ್ಚಿನ ಎಂಜಿನ್ನುಗಳಿಗೆ 0.4 ಮಿ.ಮೀ. ಆಸುಪಾಸು. ಅಂತರ ಹೆಚ್ಚಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಅಂದರೆ ಟೈಮಿಂಗ್ ಮುಂದಾಗುತ್ತದೆ. ಆದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್. ಈ ಕ್ರಮ ತಿರುಗಿಸಿದರೆ ಎರಡು ಸಲ ಕೆಲಸ. ಕಂಡೆನ್ಸರ್ 0.2ರಿಂದ 0.25 ಮೈಕ್ರೋಫ್ಯಾರಡ್ ಇರುತ್ತದೆ. ಒಳಗೆ ವೈರ್ ಬಿಟ್ಟುಹೋಗಿದ್ದರೆ ಕಿಡಿ ಪ್ಲಗ್ಗಿನಲ್ಲಿ ಬರುವ ಬದಲು ಪಾಯಿಂಟಿನಲ್ಲಿ ಧಗಧಗ ಹಾರುತ್ತದೆ. ಹೊಸ ಕಂಡೆನ್ಸರ್ ಡಬ್ಬಿಯಿಂದ ತೆಗೆದಾಗಲೇ ಸತ್ತಿರುವುದು ಅಪರೂಪವೇನಲ್ಲ. ಹಳೆಯದು ಓಡುತ್ತಿದ್ದಾಗ ತೆಗೆದದ್ದಾದರೆ ಎಸೆಯದೆ ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಪರೀಕ್ಷಾ ಸಾಧನ ಇಲ್ಲ. ಹೊಸ ಭಾಗ ಎಂದರೆ ಇನ್ನೂ ಪರೀಕ್ಷೆ ಆಗದ ಭಾಗ ಎಂದಷ್ಟೇ ಅರ್ಥ.

ಕಾಯಿಲಿನಿಂದ ಕಿಡಿ ಬರುತ್ತದೆ, ಪ್ಲಗ್ಗಿಗೆ ತಲುಪುತ್ತಿಲ್ಲ ಎಂದಾದರೆ ಕ್ಯಾಪ್ ತೆಗೆಯಿರಿ. ಒಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಇದೆಯೇ? ನಗಬೇಡಿ. ಪಾಯಿಂಟ್ ಬದಲಿಸಲು ತೆಗೆದ ರೋಟರ್ ಬೆಂಚಿನ ಮೇಲೇ ಉಳಿಯುವುದು ಅನುಭವಿಗಳ ಕೈಯಲ್ಲೂ ಆಗುತ್ತದೆ. ಕ್ಯಾಪಿನ ನಡುವಿನ ಇಂಗಾಲದ ಕಡ್ಡಿ ಮತ್ತು ಅದರ ಸ್ಪ್ರಿಂಗ್ ಇವೆಯೇ, ಒಳಗೋಡೆಯಲ್ಲಿ ಪೆನ್ಸಿಲ್ ಗೀಚಿದಂಥ ಕಪ್ಪು ಗೆರೆಗಳಿವೆಯೇ ನೋಡಿ. ಆ ಗೆರೆ ಕಿಡಿ ಕದ್ದು ಓಡುವ ದಾರಿ. ಕ್ಯಾಪ್ ತೆಗೆದಿರುವಾಗಲೇ ಯಾರಿಂದಾದರೂ ಒಮ್ಮೆ ಸೆಲ್ಫ್ ಹೊಡೆಸಿ. ರೋಟರ್ ತಿರುಗದಿದ್ದರೆ ಡಿಸ್ಟ್ರಿಬ್ಯೂಟರ್ ಪೂರ್ತಿ ಕೆಳಗೆ ಕೂತಿಲ್ಲ, ಗೇರಿನ ಪಿನ್ ಮುರಿದಿದೆ, ಇಲ್ಲವೇ ನಿಜಕ್ಕೂ ಟೈಮಿಂಗ್ ಬೆಲ್ಟ್ ಹರಿದಿದೆ.

ಪ್ಲಗ್ ವೈರುಗಳನ್ನು ಕ್ಯಾಪಿನ ಗೂಡಿಗೆ ಒತ್ತಿದಾಗ ರಬ್ಬರ್ ಟೋಪಿಯೊಳಗೆ ಗಾಳಿ ಸಿಕ್ಕಿಕೊಂಡು ಮೆಲ್ಲಗೆ ಹೊರಗೆ ತಳ್ಳುತ್ತದೆ. ಕೂತ ಹಾಗೆ ಕಾಣುತ್ತದೆ, ಒಳಗೆ ಲೋಹ ಲೋಹಕ್ಕೆ ತಾಗಿರುವುದಿಲ್ಲ. ಟೋಪಿಯ ಅಂಚನ್ನು ಚೂರು ಮಡಚಿ ಗಾಳಿ ಬಿಟ್ಟು, ಕ್ಲಿಕ್ ಅನ್ನುವವರೆಗೆ ಒತ್ತಿ. ವೈರಿನ ರೆಸಿಸ್ಟೆನ್ಸ್ ಒಂದು ಮೀಟರ್ ಉದ್ದಕ್ಕೆ 10ರಿಂದ 20 ಕಿಲೋ ಓಮ್ ಇದ್ದರೆ ಸಾಮಾನ್ಯ. ಒಂದೇ ವೈರಿನಲ್ಲಿ 30 ಕಿಲೋ ಓಮ್ ದಾಟಿದರೆ ಬದಲಿಸಿ.

ಕಿಡಿ ಇದೆ, ಹೊತ್ತು ತಪ್ಪಿದೆ

ಕಿಡಿ ಬಲವಾಗಿದ್ದೂ ಎಂಜಿನ್ ಹಿಡಿಯದೆ, ಕಾರ್ಬುರೇಟರಿನ ಬಾಯಿಂದ ಪಟ್ ಎಂದು ಸಿಡಿದರೆ, ಸೈಲೆನ್ಸರಿನಲ್ಲಿ ಗುಂಡು ಹೊಡೆದ ಸದ್ದು ಬಂದರೆ, ಅಥವಾ ಸೆಲ್ಫ್ ತಿರುಗುತ್ತಾ ಯಾರೋ ಹಿಂದಕ್ಕೆ ಎಳೆದಂತೆ ತಡವರಿಸಿದರೆ, ಎಂಜಿನ್ ಬಹಳ ಸ್ಪಷ್ಟವಾಗಿ ಮಾತಾಡುತ್ತಿದೆ. ಕಿಡಿ ತಪ್ಪು ಹೊತ್ತಿಗೆ ಅಥವಾ ತಪ್ಪು ಮನೆಗೆ ಹೋಗುತ್ತಿದೆ.

ಮೊದಲು ವೈರುಗಳ ಕ್ರಮ. ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಹೆಚ್ಚಿನವು 1-3-4-2, ಕೆಲವು 1-2-4-3. ಸಾಲಾಗಿ ಆರು ಇದ್ದರೆ ಸಾಮಾನ್ಯವಾಗಿ 1-5-3-6-2-4. ಕ್ರಮ ಗೊತ್ತಿದ್ದರೆ ಸಾಲದು, ರೋಟರ್ ಯಾವ ಕಡೆ ತಿರುಗುತ್ತದೆ ಎಂಬುದೂ ಗೊತ್ತಿರಬೇಕು. 1-3-4-2 ಅನ್ನು ಎದುರು ದಿಕ್ಕಿನಲ್ಲಿ ಜೋಡಿಸಿದರೆ ಅದು 1-2-4-3 ಆಗುತ್ತದೆ. ಆಗ 1 ಮತ್ತು 4 ಸರಿಯಾಗಿ ಸಿಕ್ಕು, 2 ಮತ್ತು 3 ಅದಲುಬದಲಾಗಿ, ಎಂಜಿನ್ ಅರ್ಧ ಹಿಡಿದಂತೆ ಮಾಡಿ ಸಿಡಿಯುತ್ತದೆ. ಮೋಸಗೊಳಿಸುವುದು ಈ ಅರ್ಧ ಸತ್ಯವೇ. ಡಿಸ್ಟ್ರಿಬ್ಯೂಟರ್ ಇಲ್ಲದ, ಎರಡು ಕಾಯಿಲ್ ನಾಲ್ಕು ಸಿಲಿಂಡರ್ ನೋಡಿಕೊಳ್ಳುವ ಪದ್ಧತಿಯಲ್ಲಿ 1-4 ಒಂದು ಜೋಡಿ, 2-3 ಇನ್ನೊಂದು. ಜೋಡಿಯೊಳಗೆ ವೈರ್ ಅದಲುಬದಲಾದರೆ ಗಾಡಿ ಹಿಡಿಯುತ್ತದೆ. ಒಂದು ಜೋಡಿಯದು ಇನ್ನೊಂದಕ್ಕೆ ಹೋದರೆ ಕೆಟ್ಟಿತು. ಬಿಚ್ಚುವಾಗ ಒಂದೊಂದೇ ವೈರ್ ತೆಗೆದು ಅದರ ಜಾಗಕ್ಕೆ ಹೊಸದು ಹಾಕಿಬಿಟ್ಟರೆ ಈ ಪರಿಚ್ಛೇದವೇ ಬೇಕಿರಲಿಲ್ಲ.

ಡಿಸ್ಟ್ರಿಬ್ಯೂಟರನ್ನೇ ಹೊರಗೆ ತೆಗೆದಿದ್ದರೆ ಪ್ರಸಿದ್ಧ 180 ಡಿಗ್ರಿ ತಪ್ಪು ಕಾದಿರುತ್ತದೆ. ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಎರಡು ಸುತ್ತು ತಿರುಗಿದಾಗ ಡಿಸ್ಟ್ರಿಬ್ಯೂಟರ್ ಒಂದು ಸುತ್ತು. ಹೀಗಾಗಿ ಪುಲ್ಲಿಯ ಗುರುತು ಟಿಡಿಸಿಗೆ, ಅಂದರೆ ಪಿಸ್ಟನ್ ತೀರಾ ಮೇಲೆ ಬಂದ ಜಾಗಕ್ಕೆ, ಎರಡು ಸಲ ಬರುತ್ತದೆ: ಒಮ್ಮೆ ಒತ್ತಡದ ಹೊಡೆತದ ಕೊನೆಗೆ, ಇನ್ನೊಮ್ಮೆ ಹೊಗೆ ಹೊರಹೋಗುವ ಹೊಡೆತದ ಕೊನೆಗೆ. ಗುರುತು ಒಂದೇ, ಅರ್ಥ ಬೇರೆ. ಎರಡನೆಯದನ್ನು ನಂಬಿ ಕೂರಿಸಿದರೆ ಕಿಡಿ ವಾಲ್ವ್ ತೆರೆದಿರುವ ಸಿಲಿಂಡರಿಗೆ ಬೀಳುತ್ತದೆ. ಖಚಿತ ಮಾಡಿಕೊಳ್ಳಲು 1ನೇ ಪ್ಲಗ್ ಬಿಚ್ಚಿ, ಕಾಯಿಲಿನ ಸಪ್ಲೈ ತೆಗೆದು, ತೂತಿಗೆ ಹೆಬ್ಬೆರಳು ಒತ್ತಿ, ಪುಲ್ಲಿಯನ್ನು ಸ್ಪ್ಯಾನರಿನಿಂದ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ. ಬೆರಳನ್ನು ಗಾಳಿ ಹೊರಗೆ ತಳ್ಳುತ್ತಿರುವಾಗ ಗುರುತು ಬಂದರೆ ಅದೇ ಸರಿಯಾದ ಟಿಡಿಸಿ. ರೋಟರ್ ಆಗ 1ನೇ ವೈರಿನ ಗೂಡಿಗೆ ಮುಖ ಮಾಡಿರಬೇಕು.

ಡಿಸ್ಟ್ರಿಬ್ಯೂಟರಿನ ಗೇರ್ ಓರೆ ಹಲ್ಲಿನದಾದರೆ ಕೆಳಗಿಳಿಯುತ್ತಾ ರೋಟರ್ ತಾನೇ ಸ್ವಲ್ಪ ತಿರುಗುತ್ತದೆ. ಅಷ್ಟು ಹಿಂದಕ್ಕೆ ಇಟ್ಟು ಇಳಿಸಬೇಕು. ಒಂದು ಹಲ್ಲು ತಪ್ಪಿದರೆ ಎಷ್ಟು ವ್ಯತ್ಯಾಸ? 13 ಹಲ್ಲಿನ ಗೇರಿನಲ್ಲಿ ಒಂದು ಹಲ್ಲೆಂದರೆ ಸುಮಾರು 28 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 55. ಎಂಜಿನ್ ಹಿಡಿಯಲು ಟಿಡಿಸಿಗೆ 5ರಿಂದ 10 ಡಿಗ್ರಿ ಮುಂಚೆ ಕಿಡಿ ಬೇಕು ಎನ್ನುವಾಗ ಇದು ದೊಡ್ಡ ದೂರ. ಪಾಯಿಂಟ್ ಪದ್ಧತಿಯಲ್ಲಿ ಸ್ಟಾರ್ಟ್ ಮಾಡದೆಯೇ ಟೈಮಿಂಗ್ ಇಡಬಹುದು: ಪುಲ್ಲಿಯನ್ನು ಆ 5-10 ಡಿಗ್ರಿ ಗುರುತಿಗೆ ತಂದು, ಕಾಯಿಲ್ ಮೈನಸ್ಸಿಗೂ ಅರ್ಥಿಗೂ ನಡುವೆ ಲ್ಯಾಂಪ್ ಹಾಕಿ, ಡಿಸ್ಟ್ರಿಬ್ಯೂಟರ್ ಮೈಯನ್ನು ಮೊದಲು ರೋಟರ್ ದಿಕ್ಕಿಗೆ ತಿರುಗಿಸಿ ಲ್ಯಾಂಪ್ ಆರಿಸಿ, ಆಮೇಲೆ ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಹೋಗಿ. ಲ್ಯಾಂಪ್ ಹತ್ತಿದ ಜಾಗದಲ್ಲೇ ಬಿಗಿಯಿರಿ.

ಸೆನ್ಸರ್, ಇಮೊಬಿಲೈಸರ್, ಮರೆತ ಬಟ್ಟೆ

ಇಂಜೆಕ್ಷನ್ ಗಾಡಿಗಳಲ್ಲಿ ಕಿಡಿಯೂ ಇಲ್ಲ, ಇಂಜೆಕ್ಟರೂ ಟಿಕ್ ಅನ್ನುವುದಿಲ್ಲ ಎಂದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಮೊದಲ ಅನುಮಾನ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಯುಗೆ ಬರದಿದ್ದರೆ ಅದು ಎರಡನ್ನೂ ಕೊಡುವುದಿಲ್ಲ. ಪಂಪ್ ಕೂಡ ಕೀ ಆನ್ ಮಾಡಿದಾಗ ಎರಡು ಸೆಕೆಂಡ್ ಗುಂಯ್ ಎಂದು ಸುಮ್ಮನಾಗುತ್ತದೆ. ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ನೋಡಿ. 150ರಿಂದ 250ರ ನಡುವೆ ಏನಾದರೂ ಬರಬೇಕು, ಸೊನ್ನೆಯಾದರೆ ಉತ್ತರ ಸಿಕ್ಕಿತು. ಪಿ0335 ಕ್ರ್ಯಾಂಕ್ ಸೆನ್ಸರಿನ ಕೋಡ್, ಪಿ0340 ಕ್ಯಾಮಿನದು, ಪಿ0351ರಿಂದ ಮುಂದಿನವು ಕಾಯಿಲುಗಳದು. ಕೋಡ್ ಹೇಳುವುದು ಸರ್ಕ್ಯೂಟಿನ ಹೆಸರು ಮಾತ್ರ. ಸೆನ್ಸರೇ ಕೆಟ್ಟಿದೆ ಎಂದು ಅದು ಹೇಳಿಲ್ಲ. ಸಿಕ್ಕಿಸಲು ಮರೆತ ಕನೆಕ್ಟರಿಗೂ, ಒಳಗೆ ಮಡಚಿಕೊಂಡ ಪಿನ್ನಿಗೂ ಅದೇ ಕೋಡ್.

ಹೊಸ ಸೆನ್ಸರ್ ಹಾಕಿದ್ದರೆ ಅದಕ್ಕೂ ಹಲ್ಲಿನ ಚಕ್ರಕ್ಕೂ ನಡುವಿನ ಅಂತರ ನೋಡಿ, ಸಾಮಾನ್ಯವಾಗಿ 0.5ರಿಂದ 1.5 ಮಿ.ಮೀ. ಇರುತ್ತದೆ. ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದ್ದರೂ ಸಿಗ್ನಲ್ ಕೆಡುತ್ತದೆ. ಎರಡು ವೈರಿನ ಸೆನ್ಸರಿನ ಕನೆಕ್ಟರನ್ನು ಬೆಸುಗೆ ಹಾಕಿ ಬದಲಿಸಿದವರು ವೈರ್ ಅದಲುಬದಲಾಗಿಲ್ಲ ಎಂದು ನೋಡಿಕೊಳ್ಳಬೇಕು. ಹಾಗಾಗಿದ್ದರೆ ಸಿಗ್ನಲ್ ಬರುತ್ತದೆ, ತಲೆಕೆಳಗಾಗಿ, ಟೈಮಿಂಗ್ ಜಾರುತ್ತದೆ.

ಕೀ ಬೀಗವನ್ನೇ ಬದಲಿಸಿದ್ದರೆ, ಎಂಜಿನ್ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತಿದ್ದರೆ, ಮೀಟರ್ ಬೋರ್ಡಿನಲ್ಲಿ ಬೀಗದ ಅಥವಾ ಕೀಯ ಚಿತ್ರ ಮಿನುಗುತ್ತಿದ್ದರೆ ಅದು ಕಳ್ಳತನ ತಡೆಯುವ ಇಮೊಬಿಲೈಸರ್. ಹೊಸ ಕೀ ಬೀಗ ತಿರುಗಿಸುತ್ತದೆ, ಆದರೆ ಅದರೊಳಗಿನ ಚಿಪ್ ಗಾಡಿಗೆ ಅಪರಿಚಿತ. ಹಳೆಯ ಕೀಯನ್ನು ಬೀಗದ ಸುತ್ತಲಿನ ಉಂಗುರದ ಹತ್ತಿರ ಹಿಡಿದು ಹೊಸದನ್ನು ತಿರುಗಿಸಿ ನೋಡಿ. ಹಿಡಿದರೆ ಪ್ಲಗ್, ಕಾಯಿಲ್ ಎಲ್ಲ ನಿರಪರಾಧಿಗಳು.

ಬೈಕುಗಳಲ್ಲಿ ಪಟ್ಟಿ ಚಿಕ್ಕದು. ಕಿಲ್ ಸ್ವಿಚ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ ಮೊದಲು. ಬ್ಯಾಟರಿಯ ಬದಲು ಮ್ಯಾಗ್ನೆಟೋದಿಂದಲೇ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ಟಿನಿಂದಲೇ) ನಡೆಯುವ ಸಿಡಿಐ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಗಾಡಿಗಳಲ್ಲಿ ಕಿಲ್ ವೈರ್ ಅರ್ಥ್ ಆದರೆ ಕಿಡಿ ನಿಲ್ಲುತ್ತದೆ. ಟ್ಯಾಂಕ್ ಕೂರಿಸುವಾಗ ಆ ವೈರ್ ಫ್ರೇಮಿಗೆ ಸಿಕ್ಕಿ ಸಿಪ್ಪೆ ಸುಲಿದಿದ್ದರೆ ಸ್ವಿಚ್ ಸರಿಯಿದ್ದೂ ಗಾಡಿ ಸದಾ ಆಫ್. ಆ ಒಂದು ವೈರನ್ನು ಬಿಡಿಸಿ ಕಿಕ್ ಹೊಡೆದರೆ ಗೊತ್ತಾಗುತ್ತದೆ. ಮ್ಯಾಗ್ನೆಟ್ ಬಿಚ್ಚಿದ್ದರೆ ಅದನ್ನು ಜಾಗದಲ್ಲಿ ಹಿಡಿದಿಡುವ, ಶಾಫ್ಟಿನ ಅರ್ಧಚಂದ್ರದ ಕೀ (ಲೋಹದ ಬಿಲ್ಲೆ) ಕತ್ತರಿಸಿ ಹೋಗಿಲ್ಲವೇ ನೋಡಿ. ಅದು ಹೋದರೆ ಮ್ಯಾಗ್ನೆಟ್ ತನಗೆ ತೋಚಿದ ಜಾಗದಲ್ಲಿ ಕೂರುತ್ತದೆ.

ಕಿಡಿ, ಕ್ರಮ, ಟೈಮಿಂಗ್ ಎಲ್ಲ ಸರಿಯಿದ್ದೂ ಹಿಡಿಯದಿದ್ದರೆ ಪ್ಲಗ್ ತಲುಪಲು ಅಡ್ಡ ಬಂತೆಂದು ಬಿಚ್ಚಿದ ಭಾಗಗಳ ಕಡೆ ಬನ್ನಿ. ಗಾಳಿಯ ಕೊಳವೆ, ಏರ್‌ಫ್ಲೋ ಸೆನ್ಸರಿನ ಕನೆಕ್ಟರ್, ಹಿಂಬದಿಯ ಒಂದು ವ್ಯಾಕ್ಯೂಮ್ ಪೈಪ್. ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆದಿದ್ದರೆ, ಒಳಗೆ ಕಸ ಬೀಳದಿರಲೆಂದು ತುರುಕಿದ ಬಟ್ಟೆಗಳನ್ನು ಎಣಿಸಿ. ನಾಲ್ಕು ಇಟ್ಟಿದ್ದರೆ ನಾಲ್ಕೂ ಹೊರಗೆ ಬಂದಿರಬೇಕು.

ಪ್ಲಗ್ಗುಗಳೂ ಮುಗ್ಧವಲ್ಲ. ಕೆಳಗೆ ಬಿದ್ದ ಪ್ಲಗ್ಗಿನ ಅಂತರ ಮುಚ್ಚಿಹೋಗಿರುತ್ತದೆ, ಪಿಂಗಾಣಿ ಒಳಗೇ ಬಿರುಕು ಬಿಟ್ಟಿರುತ್ತದೆ. ಹಳೆಯ ಪದ್ಧತಿಗೆ 0.6ರಿಂದ 0.8 ಮಿ.ಮೀ., ಎಲೆಕ್ಟ್ರಾನಿಕ್ ಪದ್ಧತಿಯ ಹಲವಕ್ಕೆ 1.0ರಿಂದ 1.1; ಡಬ್ಬಿಯ ಮೇಲಿನ ಮಾತು ನಂಬದೆ ಫೀಲರ್ ಗೇಜ್ ಹಾಕಿ. ವಾಷರ್ ಇರುವ ಹೊಸ 14 ಮಿ.ಮೀ. ಪ್ಲಗ್ಗನ್ನು ಕೈಯಲ್ಲಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧದಿಂದ ಮೂರನೇ ಎರಡು ಸುತ್ತು; ಅಲ್ಯೂಮಿನಿಯಂ ಹೆಡ್ಡಿಗೆ ಅದು 25-30 ನ್ಯೂಟನ್ ಮೀಟರ್. ವಾಷರ್ ಇಲ್ಲದ ಇಳಿಜಾರು ಕೂರಿಕೆಯದಾದರೆ ಹದಿನಾರನೇ ಒಂದು ಸುತ್ತು ಮಾತ್ರ.

ಇಷ್ಟೆಲ್ಲ ಹುಡುಕುವಷ್ಟರಲ್ಲಿ ಪ್ಲಗ್ಗುಗಳು ಪೆಟ್ರೋಲಿನಲ್ಲಿ ತೊಯ್ದಿರುತ್ತವೆ. ಮೂಲ ತಪ್ಪನ್ನು ಸರಿಪಡಿಸಿದ ಮೇಲೂ ಗಾಡಿ ಹಿಡಿಯದೆ, ಸಿಕ್ಕಿದ್ದ ಸರಿ ಉತ್ತರವನ್ನೇ ತಪ್ಪೆಂದು ಬಿಟ್ಟು ಮುಂದೆ ಹೋಗುವುದು ಇಲ್ಲೇ. ಪ್ಲಗ್ ಬಿಚ್ಚಿ ಒಣಗಿಸಿ, ತೂತುಗಳು ತೆರೆದಿರುವಾಗ ಕಾಯಿಲ್ ಮತ್ತು ಇಂಜೆಕ್ಟರ್ ಸಪ್ಲೈ ತೆಗೆದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೆಟ್ರೋಲು ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಒತ್ತಡ ಕಡಿಮೆಯಾಗಿದ್ದರೆ ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚೆ ಎಂಜಿನ್ ಆಯಿಲ್ ಬಿಡಿ. ಪ್ಲಗ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆಯಿರಿ; ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಪೂರ್ತಿ ತುಳಿದಿರುವಾಗ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಕೆಮ್ಮಿ, ಹೊಗೆ ಬಿಟ್ಟು ಹಿಡಿಯುತ್ತಿದ್ದಂತೆ ಕಾಲು ಸಡಿಲಿಸಿ. ಬಿಸಿಯಾದ ಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಆಯಿಲ್ ಬದಲಿಸಿಯೇ ಗಾಡಿ ಹೊರಗೆ ತೆಗೆಯಿರಿ.